ಕೆಂಪು ಮುಚ್ಚಳದ ಸಿರಿಂಜ್: ನರ್ಸಿಂಗ್ ಕಾಲೇಜುಗಳಿಗೆ ಒಂದು ಬಹಿರಂಗ ಪತ್ರ

ರಾಜ್ಯದ ನರ್ಸಿಂಗ್ ಕಾಲೇಜುಗಳ ಮಾನ್ಯ ಪ್ರಾಂಶುಪಾಲರಿಗೆ, ಹಾಗೂ ವಿದ್ಯಾರ್ಥಿಗಳನ್ನು ತರಬೇತಿಗೆ ತೆಗೆದುಕೊಳ್ಳುವ ಆಸ್ಪತ್ರೆಗಳ ನರ್ಸಿಂಗ್ ಸೂಪರಿಂಟೆಂಡೆಂಟರಿಗೆ,

ನಮಸ್ಕಾರ.

ನಾನು ಮೂವತ್ತೊಂದು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಕೆಲಸಕ್ಕೆ ಸೇರಿದಾಗ ಸ್ಟಾಫ್ ನರ್ಸ್ ಅನ್ನುತ್ತಿದ್ದರು, ಬಿಡುವ ಹೊತ್ತಿಗೆ ಶುಶ್ರೂಷಾಧಿಕಾರಿ ಆಗಿದ್ದೆ. ರೋಗಿಗಳಿಗೆ ಮಾತ್ರ ಮೊದಲಿಂದ ಕೊನೆವರೆಗೂ 'ಸಿಸ್ಟರ್' ಅಷ್ಟೇ. ಇಷ್ಟು ವರ್ಷದಲ್ಲಿ ನನ್ನ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳು ಪೋಸ್ಟಿಂಗ್ ಮುಗಿಸಿ ಹೋದರೋ ಲೆಕ್ಕ ಇಟ್ಟಿಲ್ಲ. ಅವರಲ್ಲಿ ಒಬ್ಬಳ ಬಗ್ಗೆ ನಾನು ಬಾಯಿ ಬಿಡಬೇಕಾಗಿದ್ದ ದಿನ ಸುಮ್ಮನಿದ್ದೆ. ಈ ಪತ್ರ ಅಲ್ಲಿಂದಲೇ ಶುರುವಾಗಬೇಕು.

ಅದು ಒಂದು ಫೀಮೇಲ್ ಮೆಡಿಕಲ್ ವಾರ್ಡು. ಯಾವ ಊರು, ಯಾವ ಆಸ್ಪತ್ರೆ ಎಂಬುದು ಬೇಡ. ರಾತ್ರಿ ಪಾಳಿ ಮುಗಿಯುವ ಹೊತ್ತು. 46 ಜನ ರೋಗಿಗಳು. ನಾನೊಬ್ಬಳು, ಜೊತೆಗೆ ಮೂರು ಜನ ಎರಡನೇ ವರ್ಷದ ವಿದ್ಯಾರ್ಥಿನಿಯರು. ಬೆಳಿಗ್ಗೆ ಏಳು ಗಂಟೆಗೆ ಇನ್ಸುಲಿನ್ ಕೊಡಬೇಕಾದವರು ಒಂಬತ್ತು ಜನ ಇದ್ದರು. ಅದೇ ಹೊತ್ತಿಗೆ ಕೊನೆಯ ಬೆಡ್ಡಿನ ಅಜ್ಜಿಗೆ ಉಸಿರಾಟದ ತೊಂದರೆ ಶುರುವಾಗಿ ನಾನು ಆ ಕಡೆ ಓಡಿದೆ. ಓಡುತ್ತಾ ಒಬ್ಬ ಹುಡುಗಿಗೆ ಹೇಳಿದೆ: "ಹನ್ನೆರಡನೇ ಬೆಡ್ಡಿಗೆ ಇನ್ಸುಲಿನ್ ಹದಿನಾರು ಯೂನಿಟ್, ಕೊಟ್ಟು ಬಾರಮ್ಮ."

ಹನ್ನೆರಡನೇ ಬೆಡ್ಡಿನಾಕೆಗೆ ಮನೆಯವರು ಇನ್ಸುಲಿನ್ ಪೆನ್ನು ತಂದುಕೊಟ್ಟಿದ್ದರು. ಪೆನ್ನಿಗೆ ಹಾಕುವ ಸೂಜಿಗಳು ಮುಗಿದುಹೋಗಿದ್ದವು. ಹುಡುಗಿ ಬುದ್ಧಿವಂತೆ. ಪೆನ್ನಿನೊಳಗಿನ ಮದ್ದಿನ ಕೊಳವೆ, ಅಂದರೆ ಕಾರ್ಟ್ರಿಜ್ ಬಿಚ್ಚಿದಳು. ಟ್ರೇಯಲ್ಲಿದ್ದ ಕೆಂಪು ಮುಚ್ಚಳದ ಇನ್ಸುಲಿನ್ ಸಿರಿಂಜ್ ತೆಗೆದುಕೊಂಡಳು. ಹದಿನಾರನೇ ಗೆರೆಯವರೆಗೆ ಎಳೆದಳು. ಗಾಳಿ ಗುಳ್ಳೆ ಇಲ್ಲದ ಹಾಗೆ ನೋಡಿಕೊಂಡು, ಸ್ಪಿರಿಟ್ ಹತ್ತಿಯಿಂದ ಹೊಟ್ಟೆಯ ಮೇಲೆ ಒರೆಸಿ, ಕಲಿಸಿದ ಹಾಗೆಯೇ ಕೊಟ್ಟಳು. ಇಂಜೆಕ್ಷನ್ ಬುಕ್ಕಿನಲ್ಲಿ ಬರೆದು ಸಹಿ ಮಾಡಿದಳು.

ನಿಮಗೆ ಈಗಾಗಲೇ ಗೊತ್ತಾಗಿರುತ್ತದೆ. ಆದರೂ ಬಿಡಿಸಿ ಬರೆಯುತ್ತೇನೆ, ಇದನ್ನು ವಿದ್ಯಾರ್ಥಿಗಳೂ ಓದಲಿ ಎಂದು. ಕೆಂಪು ಮುಚ್ಚಳದ ಸಿರಿಂಜ್ ಇರುವುದು ಒಂದು ಎಂ.ಎಲ್.ನಲ್ಲಿ 40 ಯೂನಿಟ್ ಇರುವ ಇನ್ಸುಲಿನ್ ಸೀಸೆಗೆ, ಅಂದರೆ ವಯಲ್‌ಗೆ. ನಮ್ಮ ದೇಶದಲ್ಲಿ ಇನ್ಸುಲಿನ್ ವಯಲ್ ಹೆಚ್ಚಾಗಿ ಇದೇ. ಆದರೆ ಪೆನ್ನಿನ ಕಾರ್ಟ್ರಿಜ್‌ನಲ್ಲಿ ಒಂದು ಎಂ.ಎಲ್.ಗೆ 100 ಯೂನಿಟ್. ಕೆಂಪು ಸಿರಿಂಜಿನ ಹದಿನಾರನೇ ಗೆರೆ ಅಂದರೆ 0.4 ಎಂ.ಎಲ್. ವಯಲ್‌ನಿಂದ ಎಳೆದಿದ್ದರೆ ಸರಿಯಾಗಿ 16 ಯೂನಿಟ್ ಆಗುತ್ತಿತ್ತು. ಕಾರ್ಟ್ರಿಜ್‌ನಿಂದ ಎಳೆದದ್ದಕ್ಕೆ 40 ಯೂನಿಟ್ ಹೋಯಿತು. ಎರಡೂವರೆ ಪಟ್ಟು. ಔಷಧ ಅದೇ, ರೋಗಿ ಅವರೇ, ಹೊತ್ತು ಸರಿ, ದಾರಿ ಸರಿ, ಗೆರೆಯೂ ಸರಿ!

ಎಂಟು ಕಾಲರ ಹೊತ್ತಿಗೆ ಆ ತಾಯಿಯ ಮಗಳು ಓಡಿ ಬಂದಳು. "ಸಿಸ್ಟರ್, ಅಮ್ಮ ಏನೇನೋ ಮಾತಾಡ್ತಿದ್ದಾರೆ." ಹೋಗಿ ನೋಡಿದರೆ ರವಿಕೆಯೆಲ್ಲ ಬೆವರಿನಿಂದ ಒದ್ದೆ. ಕೈ ತಣ್ಣಗೆ. ತಿಂಡಿ ಇನ್ನೂ ಬಂದಿರಲಿಲ್ಲ. ಬೆರಳು ಚುಚ್ಚಿ ನೋಡಿದರೆ ಶುಗರ್ 38. ಗ್ಲೂಕೋಸ್ 25 ಪರ್ಸೆಂಟ್ ಬಾಟಲಿ ಹಾಕಿ, ಡಾಕ್ಟರನ್ನು ಕರೆಸಿ, ಮಧ್ಯಾಹ್ನದವರೆಗೂ ಗಂಟೆಗೊಮ್ಮೆ ಚುಚ್ಚಿ ನೋಡುತ್ತಾ ಕೂತೆವು. ಅವರು ಉಳಿದರು. ಸಂಜೆ ಕಾಫಿ ಕೇಳಿದರು, ಸಕ್ಕರೆ ಹಾಕಿಯೇ.

ಆಮೇಲೆ ನಡೆದದ್ದನ್ನು ಕೇಳಿ. ಹುಡುಗಿಯನ್ನು ಕಚೇರಿಗೆ ಕರೆಸಿದರು. ಕ್ಷಮಾಪಣೆ ಪತ್ರ ಬರೆಸಿಕೊಂಡರು. ಅಪ್ಪನನ್ನು ಊರಿಂದ ಕರೆಸಿದರು. ಹೊಲದ ಕೆಲಸ ಬಿಟ್ಟು ಬಂದ ಆ ಮನುಷ್ಯ ಕಾರಿಡಾರಿನಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದ. ರಿಜಿಸ್ಟರಿನಲ್ಲಿ 'ವಿದ್ಯಾರ್ಥಿನಿಯ ನಿರ್ಲಕ್ಷ್ಯ' ಎಂದು ಬರೆದರು. ಅದರ ಕೆಳಗೆ ಸಹಿ ಹಾಕಿದವಳು ನಾನು. ಪೆನ್ನಿನ ಸೂಜಿ ಯಾಕೆ ಖಾಲಿಯಾಗಿತ್ತು, ನಾನು ಯಾಕೆ ಅವಳೊಬ್ಬಳನ್ನೇ ಕಳಿಸಿದೆ, 46 ರೋಗಿಗಳಿಗೆ ಒಬ್ಬ ನರ್ಸ್ ಯಾಕೆ, ಇಂಥ ಯಾವ ಪ್ರಶ್ನೆಯೂ ಆ ಪುಟದಲ್ಲಿ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಬರೆ ಎಳೆದ ಕೈಗಳಲ್ಲಿ ನನ್ನದೂ ಒಂದು.

ಅವತ್ತು ಸಂಜೆ ಅವಳು ನನ್ನನ್ನು ಒಂದೇ ಮಾತು ಕೇಳಿದಳು. "ಮೇಡಂ, ಯೂನಿಟ್ ಅಂದ್ರೆ ಯೂನಿಟ್ಟೇ ಅಲ್ವಾ? ಎರಡು ಥರ ಇರುತ್ತೆ ಅಂತ ಯಾರೂ ಹೇಳಿರಲಿಲ್ಲ."

ಅವಳ ನೋಟ್ಸ್ ತರಿಸಿ ನೋಡಿದೆ. ಇನ್ಸುಲಿನ್ ಬಗ್ಗೆ ನಾಲ್ಕು ಪುಟ ಇತ್ತು, ಅಚ್ಚುಕಟ್ಟಾದ ಅಕ್ಷರ, ಕೆಂಪು ಶಾಯಿಯಲ್ಲಿ ಅಡಿಗೆರೆ. ಜೀವಕೋಶದ ಪೊರೆಯ ಮೇಲೆ ಅದು ಹೇಗೆ ಕೆಲಸ ಮಾಡುತ್ತದೆ ಎಂಬುದರ ಚಿತ್ರ ಕೂಡ ಇತ್ತು. ಸಿರಿಂಜಿನ ಬಣ್ಣದ ಬಗ್ಗೆ ಒಂದು ಸಾಲೂ ಇರಲಿಲ್ಲ. 40 ಮತ್ತು 100 ಎಂಬ ಎರಡು ಅಂಕೆ ಅಕ್ಕಪಕ್ಕ ಎಲ್ಲೂ ಇರಲಿಲ್ಲ.

ಮಾನ್ಯರೇ, ನನ್ನ ದೂರು ಇದೇ. ನಾವು ಔಷಧಶಾಸ್ತ್ರವನ್ನು ಪರೀಕ್ಷೆಗೆ ಕಲಿಸುತ್ತಿದ್ದೇವೆ, ಟ್ರೇಗೆ ಕಲಿಸುತ್ತಿಲ್ಲ. ಕ್ಲಾಸು ಒಂದು ಕಡೆ, ವಾರ್ಡು ಇನ್ನೊಂದು ಕಡೆ. ನಡುವೆ ಇರುವ ಹಳ್ಳವನ್ನು ದಾಟಿಸುವ ಕೆಲಸ ಯಾರದ್ದು ಅಂತ ಕೇಳಿದರೆ ಕಾಲೇಜಿನವರು ವಾರ್ಡ್ ಸಿಸ್ಟರ್ ಕಡೆ ತೋರಿಸುತ್ತಾರೆ, ವಾರ್ಡ್ ಸಿಸ್ಟರ್ ಕಾಲೇಜಿನ ಕಡೆ ತೋರಿಸುತ್ತಾರೆ. ಬಿ.ಎಸ್ಸಿ. ನರ್ಸಿಂಗ್‌ನ ಹೊಸ ಪಠ್ಯಕ್ರಮದಲ್ಲಿ ಮೂರನೇ ಮತ್ತು ನಾಲ್ಕನೇ ಸೆಮಿಸ್ಟರಿನಲ್ಲಿ ಔಷಧಶಾಸ್ತ್ರ ಇದೆ. ಒಳ್ಳೆಯದೇ. ಆದರೆ ಆ ಪಾಠ ಪುಸ್ತಕದಿಂದ ಇಳಿದು ಇಂಜೆಕ್ಷನ್ ಮದ್ದಿನ ಪುಟ್ಟ ಸೀಸೆಯಾದ ಒಂದು ಖಾಲಿ ಆಂಪೂಲ್‌ವರೆಗೆ ಬರದಿದ್ದರೆ ಸೆಮಿಸ್ಟರ್ ಎಷ್ಟಿದ್ದರೇನು?

ನಮ್ಮ ಹುಡುಗಿಯರಲ್ಲಿ ಬಹಳಷ್ಟು ಜನ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಕಾಲೇಜಿಗೆ ಬಂದ ಮೇಲೆ ಎಲ್ಲ ಇಂಗ್ಲಿಷಿನಲ್ಲಿ. ಅವರು ಉರು ಹೊಡೆಯುತ್ತಾರೆ. ಔಷಧ ಕೊಡುವಾಗ ಪಾಲಿಸಬೇಕಾದ ಹತ್ತು 'ಸರಿ'ಗಳನ್ನು ಹೇಳು ಅಂದರೆ ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ನಾವು ಓದುವಾಗ ಐದೇ ಇತ್ತು: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಹೊತ್ತು. ಈಗ ಹತ್ತಾಗಿದೆ. ಇನ್ನೂ ಜಾಸ್ತಿ ಹೇಳುವವರೂ ಇದ್ದಾರೆ. ಪಟ್ಟಿ ಬೆಳೆದ ಹಾಗೆ ತಪ್ಪು ಕಡಿಮೆಯಾಗಿದೆಯೇ ಎಂದು ನನ್ನನ್ನು ಕೇಳಬೇಡಿ.

'ಸರಿಯಾದ ರೋಗಿ' ಅನ್ನುವುದನ್ನೇ ತೆಗೆದುಕೊಳ್ಳಿ. ಒಂದು ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇರುವುದು ನಮ್ಮಲ್ಲಿ ವಿಶೇಷ ಏನಲ್ಲ. ವಿದ್ಯಾರ್ಥಿನಿ ಹೋಗಿ "ಲಕ್ಷ್ಮಮ್ಮ ನೀವೇ ಅಲ್ವಾ?" ಎಂದು ಕೇಳುತ್ತಾಳೆ. ಬಿಳಿ ಕೋಟು ಕಂಡರೆ ಸಾಕು, ಕಿವಿ ಕೇಳದ ಅಜ್ಜಿ ಕೋಲೆ ಬಸವನ ಹಾಗೆ ತಲೆಯಾಡಿಸುತ್ತಾರೆ. ನೀವು ರಂಗಮ್ಮ ಅಲ್ವಾ ಅಂದಿದ್ದರೂ ಹೂಂ ಅನ್ನುತ್ತಿದ್ದರು. ಕೇಳಬೇಕಾದ್ದು "ನಿಮ್ಮ ಹೆಸರೇನಜ್ಜಿ? ಯಾವೂರು?" ಎಂದು. ಉತ್ತರ ಅವರ ಬಾಯಿಂದ ಬರಬೇಕು. ಅದನ್ನು ಕೇಸ್ ಶೀಟಿನ ಜೊತೆ ಹೋಲಿಸಬೇಕು. ಇಷ್ಟನ್ನು ಕಲಿಸಲು ಎರಡು ನಿಮಿಷ ಸಾಕು, ಆದರೆ ಅಜ್ಜಿಯ ಬೆಡ್ಡಿನ ಪಕ್ಕದಲ್ಲಿ ನಿಂತು ಕಲಿಸಬೇಕು. ಇನ್ನು ನಾವು ಹಿರಿಯರು ಎಲ್ಲರನ್ನೂ ಬೆಡ್ ನಂಬರಿನಿಂದ ಕರೆಯುವುದನ್ನು ಬಿಡಬೇಕು. ನಾನೇ 'ಹನ್ನೆರಡನೇ ಬೆಡ್ಡಿಗೆ' ಅಂದವಳು ತಾನೆ.

ಲೆಕ್ಕದ ವಿಷಯಕ್ಕೆ ಬರುತ್ತೇನೆ. ಪ್ಯಾರಾಸಿಟಮಾಲ್‌ನಂಥ ದಿನಬಳಕೆಯ ಔಷಧವೇ ಸಾಕು. ಹತ್ತು ಕೆ.ಜಿ. ತೂಕದ ಮಗುವಿಗೆ 150 ಮಿಲಿಗ್ರಾಂ ಕೊಡಬೇಕು ಎಂದುಕೊಳ್ಳಿ. 5 ಎಂ.ಎಲ್.ಗೆ 125 ಇರುವ ಸಿರಪ್ ಆದರೆ 6 ಎಂ.ಎಲ್. 5 ಎಂ.ಎಲ್.ಗೆ 250 ಇರುವುದಾದರೆ 3 ಎಂ.ಎಲ್. ಒಂದು ಎಂ.ಎಲ್.ಗೆ 100 ಇರುವ ಡ್ರಾಪ್ಸ್ ಆದರೆ ಒಂದೂವರೆ ಎಂ.ಎಲ್. ಮೂರೂ ಒಂದೇ ಔಷಧ, ಮೂರೂ ಒಂದೇ ಕಪಾಟಿನಲ್ಲಿರುತ್ತವೆ. 'ಒಂದು ಚಮಚ ಕುಡಿಸಿ' ಎಂದು ತಾಯಿಗೆ ಹೇಳಿ ಕೈಗೆ ಡ್ರಾಪ್ಸ್ ಬಾಟಲಿ ಕೊಟ್ಟರೆ ಮಗುವಿನ ಹೊಟ್ಟೆಗೆ ಹೋಗುವುದು 500 ಮಿಲಿಗ್ರಾಂ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಇನ್ನೂ ಅಪಾಯ. 5 ಎಂ.ಎಲ್. ವಯಲ್ ಒಂದರಲ್ಲಿ ಒಟ್ಟು 5,000 ಯೂನಿಟ್, ಅಷ್ಟೇ ಗಾತ್ರದ ಇನ್ನೊಂದರಲ್ಲಿ 25,000.

ಡ್ರಿಪ್ ಲೆಕ್ಕವೂ ಅಷ್ಟೇ. ಒಂದು ಪಿಂಟ್, ಅಂದರೆ 500 ಎಂ.ಎಲ್., ನಾಲ್ಕು ಗಂಟೆಯಲ್ಲಿ ಹೋಗಬೇಕು. ಎಂ.ಎಲ್.ಗೆ 20 ಹನಿ ಬೀಳುವ ಸೆಟ್ಟಾದರೆ ನಿಮಿಷಕ್ಕೆ ಸುಮಾರು 42 ಹನಿ. ಬೋರ್ಡಿನ ಮೇಲೆ ಎಲ್ಲರೂ ಮಾಡುತ್ತಾರೆ. ವಾಚ್ ಹಿಡಿದು ಹನಿ ಎಣಿಸಿ ಎಂದರೆ ಅರ್ಧ ಜನಕ್ಕೆ ಕೈಗೆ ವಾಚೇ ಇರುವುದಿಲ್ಲ. ಮೊಬೈಲ್ ವಾರ್ಡಿಗೆ ತರಬಾರದು ಎಂದು ನಾವೇ ಹೇಳಿರುತ್ತೇವೆ. (ಸೆಕೆಂಡ್ ಮುಳ್ಳಿರುವ ಒಂದು ವಾಚ್ ಯೂನಿಫಾರಂ ಪಟ್ಟಿಯಲ್ಲಿ ಸೇರಿಸಿ, ದಯವಿಟ್ಟು. ನಾಡಿ ನೋಡುವುದಕ್ಕೂ ಆಗುತ್ತದೆ.)

ಹೀಗೆಲ್ಲ ಬರೆದೆ ಎಂದು ವಿದ್ಯಾರ್ಥಿಗಳಿಗೆ ಏನೂ ಬರುವುದಿಲ್ಲ ಎಂದುಕೊಳ್ಳಬೇಡಿ. ಇನ್ನೊಬ್ಬಳ ಕಥೆ ಹೇಳುತ್ತೇನೆ. ಹೆರಿಗೆ ವಾರ್ಡಿನಲ್ಲಿ ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಓದುತ್ತಿದ್ದ ಹುಡುಗಿ. ಬಿ.ಪಿ. ಏರಿ ಫಿಟ್ಸ್ ಬಂದಿದ್ದ ಬಾಣಂತಿಗೆ ಮೆಗ್ನೀಸಿಯಂ ಸಲ್ಫೇಟ್ ನಡೆಯುತ್ತಿತ್ತು. ನಾಲ್ಕು ಗಂಟೆಗೊಮ್ಮೆ 5 ಗ್ರಾಂ, ಸೊಂಟಕ್ಕೆ. ಮುಂದಿನ ಡೋಸಿಗೆ ನನ್ನ ಜೊತೆ ಟ್ರೇ ಹಿಡಿದು ಬಂದ ಅವಳು, ನಾನು ಮದ್ದು ಎಳೆಯುವಷ್ಟರಲ್ಲಿ ಸುತ್ತಿಗೆ ತೆಗೆದುಕೊಂಡು ಮಂಡಿ ತಟ್ಟಿ ನೋಡಿದಳು. ಇನ್ನೊಂದು ಸಲ ತಟ್ಟಿದಳು. "ಮೇಡಂ, ಕಾಲು ಏಳ್ತಿಲ್ಲ. ಉಸಿರು ಹದಿಮೂರೇ ಇದೆ. ಕೊಡೋದು ಬೇಡ." ಚೀಲದಲ್ಲಿ ಮೂತ್ರವೂ ಕಡಿಮೆಯಿತ್ತು. ಡೋಸ್ ನಿಲ್ಲಿಸಿದೆವು, ಡಾಕ್ಟರ್ ಬಂದರು, ಮೆಗ್ನೀಸಿಯಂ ಹೆಚ್ಚಾದಾಗ ಕೊಡುವ ಕ್ಯಾಲ್ಸಿಯಂ ಗ್ಲುಕೋನೇಟ್ ನಿಧಾನಕ್ಕೆ ಹೋಯಿತು.

ಅದೇ ಹುಡುಗಿ ಆ ವರ್ಷದ ಇಂಟರ್ನಲ್‌ನಲ್ಲಿ ಔಷಧದ ಪಾಠದಲ್ಲೇ ಫೇಲ್. ಮೆಗ್ನೀಸಿಯಂ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ಇಂಗ್ಲಿಷಿನಲ್ಲಿ ಬರೆಯಲು ಬರಲಿಲ್ಲ. ಆದರೆ ಕೊಡುವ ಮೊದಲು ಮೂರು ನೋಡಬೇಕು ಎಂಬುದು ಅವಳಿಗೆ ಗೊತ್ತಿತ್ತು. ಮಂಡಿ ಏಳಬೇಕು, ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆ ಇರಬಾರದು, ಮೂತ್ರ ಗಂಟೆಗೆ 30 ಎಂ.ಎಲ್. ಆದರೂ ಬರುತ್ತಿರಬೇಕು. ಇದನ್ನು ಕಲಿಸಿದ್ದು ಹೆರಿಗೆ ವಾರ್ಡಿನ ಹಳೆಯ ಸಿಸ್ಟರ್ ಒಬ್ಬರು, ಕನ್ನಡದಲ್ಲಿ, ಕಾಟಿನ ಪಕ್ಕ ನಿಂತು. ನರ್ಸಿಗೆ ಬೇಕಾದ ಔಷಧಶಾಸ್ತ್ರ ಅಂದರೆ ನನ್ನ ಪ್ರಕಾರ ಇದು. ಕೊಡುವ ಮೊದಲು ಏನು ನೋಡಬೇಕು, ಕೊಟ್ಟ ಮೇಲೆ ಏನಾಗಬಹುದು, ಯಾವಾಗ ನಿಲ್ಲಿಸಬೇಕು, ಯಾರನ್ನು ಕರೆಯಬೇಕು. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಮಾತ್ರೆಯಾದರೆ, ಕೊಡುವ ಮೊದಲು ಎದೆಯ ಮೇಲೆ ಸ್ಟೆತ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು, 60ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ತಡೆದು ಡಾಕ್ಟರಿಗೆ ಹೇಳಬೇಕು. ಉಳಿದ ಶಾಸ್ತ್ರ ಬೇಡ ಎನ್ನುತ್ತಿಲ್ಲ. ಇದು ಮೊದಲು ಬರಲಿ, ಅದು ಆಮೇಲೆ ಬರಲಿ.

ನೀವು ಹೇಳುವ ಮಾತು ನನಗೆ ಗೊತ್ತು. "ಸ್ಟಾಫ್ ಕಡಿಮೆ ಮೇಡಂ, ವಿದ್ಯಾರ್ಥಿಗಳಿಲ್ಲದೆ ವಾರ್ಡ್ ನಡೆಯಲ್ಲ." ನಿಜ, ನಡೆಯುವುದಿಲ್ಲ. ಅದಕ್ಕೇ ಡ್ಯೂಟಿ ಪಟ್ಟಿಯಲ್ಲಿ ವಿದ್ಯಾರ್ಥಿಗಳನ್ನು ಸ್ಟಾಫ್ ಲೆಕ್ಕಕ್ಕೆ ಸೇರಿಸುತ್ತೇವೆ. ರಾತ್ರಿಗೆ 'ಒಬ್ಬರು ಸಿಸ್ಟರ್, ಮೂವರು ಸ್ಟೂಡೆಂಟ್ಸ್' ಎಂದು ಬರೆದ ಕೂಡಲೇ ನಾಲ್ಕು ಜನ ಇದ್ದಾರೆ ಎಂದು ಮೇಲಿನವರಿಗೆ ಸಮಾಧಾನ. ಕಲಿಯಲು ಬಂದವರನ್ನು ಕೆಲಸಗಾರರ ಲೆಕ್ಕದಲ್ಲಿ ತೋರಿಸುವವರೆಗೂ ಹುದ್ದೆ ಖಾಲಿ ಇದೆ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ. ಫೀಸು ಕೊಟ್ಟು ಬಂದ ಹುಡುಗಿಯ ಹೆಗಲ ಮೇಲೆ ನಾವು ಆ ಕೊರತೆಯನ್ನು ಇಳಿಸಿದ್ದೇವೆ. ಭಾರಕ್ಕೆ ಅವಳು ಕುಸಿದ ದಿನ ಕ್ಷಮಾಪಣೆ ಪತ್ರ ಬರೆಸಿಕೊಳ್ಳುತ್ತೇವೆ.

ಆದ್ದರಿಂದ ಕೇಳಿಕೊಳ್ಳುತ್ತಿದ್ದೇನೆ. ಎಲ್ಲಕ್ಕಿಂತ ಮೊದಲು, ನೋಂದಾಯಿತ ನರ್ಸ್ ಅಥವಾ ಕಾಲೇಜಿನ ಬೋಧಕಿ ಪಕ್ಕದಲ್ಲಿ ನಿಲ್ಲದೆ ಯಾವ ವಿದ್ಯಾರ್ಥಿಯೂ ಇಂಜೆಕ್ಷನ್ ಕೊಡಬಾರದು ಎಂದು ಕಾಲೇಜು, ಆಸ್ಪತ್ರೆ ಎರಡೂ ಸೇರಿ ಸಹಿ ಮಾಡಿ ವಾರ್ಡಿನ ಗೋಡೆಗೆ ಅಂಟಿಸಿ. ಬಾಯಿಮಾತಲ್ಲಿ ಈ ನಿಯಮ ಈಗಲೂ ಇದೆ, ಅದು ಪ್ರಯೋಜನಕ್ಕೆ ಬಂದಿಲ್ಲ. ಗೋಡೆಯ ಮೇಲೆ ಇದ್ದರೆ "ಮೇಡಂ, ನೀವೂ ಬನ್ನಿ" ಎಂದು ಕೇಳಲು ಹುಡುಗಿಗೆ ಒಂದು ಆಸರೆ. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ, ಮೆಗ್ನೀಸಿಯಂ ಈ ನಾಲ್ಕಕ್ಕಾದರೂ ಇಬ್ಬರು ಬೇರೆಬೇರೆಯಾಗಿ ಲೆಕ್ಕ ಮಾಡಿ ಆಮೇಲೆ ಹೋಲಿಸಿ ನೋಡಲಿ. "ಹೂಂ, ಸರಿಯಿದೆ" ಎಂದು ದೂರದಿಂದ ಹೇಳುವುದು ಪರೀಕ್ಷೆ ಅಲ್ಲ.

ವಾರ್ಡಿಗೆ ಕಳಿಸುವ ಮುಂಚೆ ಒಂದು ಲೆಕ್ಕದ ಪರೀಕ್ಷೆ ಇಡಿ. ನಿಜವಾದ ಆಂಪೂಲ್, ವಯಲ್, ಸಿರಿಂಜ್ ಟೇಬಲ್ ಮೇಲಿಟ್ಟು. ಕನ್ನಡದಲ್ಲಿ ಉತ್ತರ ಹೇಳಿದರೂ ಒಪ್ಪಿಕೊಳ್ಳಿ. ಇದರಲ್ಲಿ ಪಾಸಾಗಲು ನೂರಕ್ಕೆ ಐವತ್ತು ಸಾಲದು, ನೂರೇ ಬೇಕು. ಬರದಿದ್ದರೆ ಮತ್ತೆ ಕಲಿಸಿ, ಮತ್ತೆ ಕೂರಿಸಿ. ಅವಮಾನ ಮಾಡಬೇಡಿ.

ಸೂಪರಿಂಟೆಂಡೆಂಟರಿಗೆ ಬೇರೆಯಾಗಿ ಒಂದು ಮಾತು. ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲನ್ನು ಮಾಮೂಲಿ ವಾರ್ಡಿನ ಔಷಧದ ಕಪಾಟಿನಿಂದ ಇವತ್ತೇ ತೆಗೆಸಿ. 10 ಎಂ.ಎಲ್. ಆಂಪೂಲ್, ಎಂ.ಎಲ್.ಗೆ 150 ಮಿಲಿಗ್ರಾಂ. ಪಕ್ಕದಲ್ಲೇ ಅಷ್ಟೇ ಗಾತ್ರದ ಡಿಸ್ಟಿಲ್ಡ್ ವಾಟರ್ ಆಂಪೂಲ್ ಇರುತ್ತದೆ. ಬೆಳಗಿನ ಜಾವ ನಾಲ್ಕು ಗಂಟೆಗೆ, ಒಂದು ಟ್ಯೂಬ್‌ಲೈಟ್ ಮಿಣುಕುತ್ತಿರುವಾಗ, ಆ್ಯಂಟಿಬಯಾಟಿಕ್ ಪುಡಿ ಕಲಸಲು ಯಾವುದನ್ನು ಎತ್ತಿಕೊಳ್ಳುತ್ತೀರಿ? ತೆಳುಮಾಡದ ಪೊಟ್ಯಾಸಿಯಂ ನೇರವಾಗಿ ರಕ್ತನಾಳಕ್ಕೆ ಹೋದರೆ ಹೃದಯ ನಿಲ್ಲುತ್ತದೆ. ಬೇಕಾದಾಗ ಫಾರ್ಮಸಿಯಿಂದ ತರಿಸಿ, ಬೀಗದೊಳಗಿಡಿ. ಹಾಗೆಯೇ ಕೆಂಪು ಮುಚ್ಚಳದ ಸಿರಿಂಜ್, 100 ಯೂನಿಟ್ ಇನ್ಸುಲಿನ್‌ಗೆ ಬಳಸುವ ಕಿತ್ತಳೆ ಮುಚ್ಚಳದ ಸಿರಿಂಜ್ ಎರಡನ್ನೂ ಒಂದೇ ಟ್ರೇಯಲ್ಲಿ ಇಡಿಸಬೇಡಿ. ಪೆನ್ನಿನ ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಯಾರೂ ಎಳೆಯಬಾರದು ಎಂದು ಹೇಳಿ. ಸೂಜಿ ಖಾಲಿಯಾಗದಂತೆ ನೋಡಿಕೊಳ್ಳುವುದು ವಿದ್ಯಾರ್ಥಿಯ ಜವಾಬ್ದಾರಿ ಅಲ್ಲ, ನಮ್ಮದು. ಡಾಕ್ಟರುಗಳಿಗೂ ವಿನಯದಿಂದ ಹೇಳಿ, 10 ಪಕ್ಕ ಇಂಗ್ಲಿಷಿನ 'ಯು' ಅಕ್ಷರ ಬರೆಯದೆ 'ಯೂನಿಟ್' ಎಂದು ಪೂರ್ತಿ ಬರೆಯಲಿ. ಅವಸರದ ಕೈಬರಹದಲ್ಲಿ ಆ 'ಯು' ಇನ್ನೊಂದು ಸೊನ್ನೆಯಾಗಿ ಕಾಣುತ್ತದೆ.

ಕೊನೆಯ ಕೋರಿಕೆ ಕಷ್ಟದ್ದು. ಕ್ಷಮಾಪಣೆ ಪತ್ರ ಬರೆಸಿಕೊಳ್ಳುವುದನ್ನು ನಿಲ್ಲಿಸಿ. ಆ ಹುಡುಗಿಗೆ ಆದದ್ದನ್ನು ನೋಡಿದ ಉಳಿದ ಇಬ್ಬರು ಏನು ಕಲಿತರು ಗೊತ್ತೇ? ತಪ್ಪಾದರೆ ಬಾಯಿ ಬಿಡಬಾರದು ಎಂಬುದನ್ನು. ಎರಡು ವಾರದ ನಂತರ ಅವರಲ್ಲೊಬ್ಬಳು ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಟ್ಟು ಇಡೀ ಪಾಳಿ ಸುಮ್ಮನಿದ್ದಳು. ನನಗೆ ತಿಳಿದದ್ದು ಮಾರನೇ ದಿನ, ಅದೂ ರೋಗಿಯ ಗಂಡನಿಂದ. ಪುಣ್ಯಕ್ಕೆ ಅದು ವಿಟಮಿನ್ ಮಾತ್ರೆ. ಯಾರು ಮಾಡಿದರು ಎಂಬುದಕ್ಕಿಂತ ಯಾಕಾಯಿತು, ಹೇಗಾಯಿತು ಎಂದು ಬರೆಯುವ ಪುಸ್ತಕ ಇಡಿ. ತಿಂಗಳಿಗೊಮ್ಮೆ ವಿದ್ಯಾರ್ಥಿಗಳ ಜೊತೆ ಕೂತು ಓದಿ. ಔಷಧದಿಂದ ಅಡ್ಡಪರಿಣಾಮ ಕಂಡರೆ ತಿಳಿಸಲು ದೇಶದಲ್ಲಿ 2010ರಿಂದ ಒಂದು ಕಾರ್ಯಕ್ರಮ ಇದೆ. 1800-180-3024 ಎಂಬ ಉಚಿತ ಸಂಖ್ಯೆ ಇದೆ, ನರ್ಸ್ ಕೂಡ ವರದಿ ಮಾಡಬಹುದು. ನಿಮ್ಮ ಕಾಲೇಜಿನ ಎಷ್ಟು ಮಕ್ಕಳಿಗೆ ಇದು ಗೊತ್ತಿದೆ ಎಂದು ನಾಳೆ ಕ್ಲಾಸಿನಲ್ಲಿ ಕೇಳಿ ನೋಡಿ.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧದಿಂದಾಗುವ ತಪ್ಪಿಸಬಹುದಾದ ಗಂಭೀರ ಹಾನಿಯನ್ನು ಐದು ವರ್ಷದಲ್ಲಿ ಅರ್ಧಕ್ಕೆ ಇಳಿಸೋಣ ಎಂದು ಜಗತ್ತಿಗೆಲ್ಲ ಕರೆ ಕೊಟ್ಟಿತು. ಸೆಪ್ಟೆಂಬರ್ 17ರ ರೋಗಿ ಸುರಕ್ಷತಾ ದಿನಕ್ಕೆ 2022ರಲ್ಲಿ ಇದನ್ನೇ ವಿಷಯವಾಗಿ ಇಟ್ಟಿತು. ನಮ್ಮಲ್ಲೂ ಆ ದಿನ ಆಚರಣೆ ಇರುತ್ತದೆ. ರಂಗೋಲಿ ಸ್ಪರ್ಧೆ, ಪೋಸ್ಟರ್ ಸ್ಪರ್ಧೆ, ಒಂದು ಕಿರುನಾಟಕ, ಅತಿಥಿಗಳಿಗೆ ಶಾಲು. ರಂಗೋಲಿಯ ಬಗ್ಗೆ ನನಗೆ ಬೇಸರ ಇಲ್ಲ. ಮುಂದಿನ ಸಲ ಅದೇ ದಿನ, ಅದೇ ಸಭಾಂಗಣದಲ್ಲಿ ಒಂದು ಟೇಬಲ್ ಹಾಕಿಸಿ.

ಆ ಟೇಬಲ್ ಮೇಲೆ ಇಡಲು ನನ್ನ ಹತ್ತಿರ ಒಂದು ಪೆಟ್ಟಿಗೆ ಇದೆ. ಹಳೆಯ ಬಿಸ್ಕತ್ ಡಬ್ಬಿ. ಖಾಲಿ ವಯಲ್‌ಗಳು, ಲೇಬಲ್ ಅಳಿಸದ ಆಂಪೂಲ್‌ಗಳು, ಎರಡು ಬಣ್ಣದ ಮುಚ್ಚಳದ ಸಿರಿಂಜ್‌ಗಳು, ಒಂದು ಕಾರ್ಟ್ರಿಜ್. ಯಾವ ಕಾಲೇಜಿನವರು ಕರೆದರೂ ಬರುತ್ತೇನೆ. ಬಸ್ ಚಾರ್ಜ್ ಬೇಡ, ಶಾಲು ಬೇಡ. ಅರ್ಧ ದಿನ ಕೊಡಿ, ಇಪ್ಪತ್ತು ಮಕ್ಕಳನ್ನು ಟೇಬಲ್ ಸುತ್ತ ನಿಲ್ಲಿಸಿ. ಮೊದಲನೇ ಪ್ರಶ್ನೆ ಕೆಂಪು ಮುಚ್ಚಳದ ಸಿರಿಂಜಿನದ್ದೇ ಆಗಿರುತ್ತದೆ.

ಆ ಹುಡುಗಿ ಈಗ ಎಲ್ಲಿದ್ದಾಳೋ ಗೊತ್ತಿಲ್ಲ. ಈ ಪತ್ರ ಅವಳ ಕಣ್ಣಿಗೆ ಬಿದ್ದರೆ ಅವಳಿಗೂ ಒಂದು ಮಾತು. ಆ ರಿಜಿಸ್ಟರಿನಲ್ಲಿ ನಿನ್ನ ಹೆಸರಿನ ಜೊತೆ ನನ್ನ ಹೆಸರನ್ನೂ ಬರೆಯಬೇಕಾಗಿತ್ತಮ್ಮ. ಬರೆಯಲಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಾಧಿಕಾರಿ